ಸಾಫ್ಟ್ ಕಾಪಿ ಸಾಕು ಅನ್ನುವವರಿಗೆ

ಫೋಟೊ ಪ್ರಿಂಟನ್ನು ಈ ಕಾಲದಲ್ಲಿ ಯಾರು ದುಡ್ಡು ಕೊಟ್ಟು ತಗೋತಾರೆ ಎಂದು ಕೇಳುವವರು ಒಮ್ಮೆ ನಮ್ಮ ನಂದಿನಿ ಲೇಔಟ್‌ಗೆ ಬರಬೇಕು. ಹೊರವರ್ತುಲ ರಸ್ತೆ ಬದಿಗೆ ಕಂಠೀರವ ಸ್ಟುಡಿಯೊ ಇದೆ. 2006ರಲ್ಲಿ ಅಣ್ಣಾವ್ರನ್ನು, 2021ರಲ್ಲಿ ಅಪ್ಪುವನ್ನು ಮಣ್ಣು ಮಾಡಿದ ಜಾಗ. ಮಾರ್ಚ್ 17, ಏಪ್ರಿಲ್ 24, ಅಕ್ಟೋಬರ್ 29 ಬಂತೆಂದರೆ ನಮ್ಮ ಬೀದಿಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಹಾವೇರಿ, ಕೊಪ್ಪಳ, ಚಾಮರಾಜನಗರದಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದವರು ಸಮಾಧಿಗೆ ಕೈಮುಗಿದು ಹೊರಬಿದ್ದು, ಒಂದು ಫೋಟೊ ಕೊಂಡು ಅದನ್ನು ಎದೆಗೊತ್ತಿಕೊಂಡೇ ಬಸ್ಸು ಹತ್ತುತ್ತಾರೆ. ಲ್ಯಾಮಿನೇಷನ್ ಮಾಡಿದ್ದು, ಕಟ್ಟು ಹಾಕಿದ್ದು, ಹಿಂದೆ ಲೈಟು ಹತ್ತುವುದು, ಯಾವುದು ಬೇಕೋ ಅದು. ಅವರಲ್ಲಿ ಯಾರ ಜೇಬಿನಲ್ಲೂ ಫೋನಿಗೆ ಬರವಿಲ್ಲ, ಫೋನಿನಲ್ಲಿ ಅಪ್ಪು ಚಿತ್ರಕ್ಕೂ ಬರವಿಲ್ಲ. ಆದರೂ ಕಾಗದದ ಮೇಲಿನದ್ದು ಬೇಕು.

ಆ ಫೋಟೊ ತೆಗೆದವರು ಯಾರು? ಒಮ್ಮೆ ಮಾರುವ ಹುಡುಗನನ್ನೇ ಕೇಳಿದೆ. ‘ಅಪ್ಪು ಸಾರ್ ಫೋಟೊ ಸಾರ್ ಇದು’ ಅಂದ. ನನ್ನ ಪ್ರಶ್ನೆಯೇ ಅವನಿಗೆ ವಿಚಿತ್ರವಾಗಿ ಕೇಳಿಸಿತು. ಕನ್ನಡ ಸಿನಿಮಾದ ನೆನಪನ್ನು ನಮ್ಮ ತಲೆಯಲ್ಲಿ ಕಟ್ಟಿಕೊಟ್ಟವರಲ್ಲಿ ಪ್ರಗತಿ ಅಶ್ವತ್ಥನಾರಾಯಣ, ಡಿ.ಸಿ. ನಾಗೇಶ್ ಅವರಂಥ ಸ್ಥಿರಛಾಯಾಗ್ರಾಹಕರದ್ದು ದೊಡ್ಡ ಪಾಲು. ಅವರ ಚಿತ್ರಗಳನ್ನು ನೋಡದ ಕನ್ನಡಿಗನಿಲ್ಲ, ಅವರ ಹೆಸರು ಬಲ್ಲವರು ಬೆರಳೆಣಿಕೆಯಷ್ಟು. ಫೋಟೊಗೆ ನಮ್ಮಲ್ಲಿ ಗಿರಾಕಿ ಇದ್ದಾನೆ, ಕಾಸೂ ಹುಟ್ಟುತ್ತದೆ. ಅದು ತೆಗೆದವನ ಕೈಗೆ ಬರುವ ದಾರಿ ಮಾತ್ರ ಇಲ್ಲ. ಆ ದಾರಿಯನ್ನು ನಾವೇ ಹಾಕಿಕೊಳ್ಳಬೇಕು, ಅದಕ್ಕೆ ಸ್ವಂತ ವೆಬ್‌ಸೈಟಿಗಿಂತ ಒಳ್ಳೆಯ ಜಾಗ ಸದ್ಯಕ್ಕೆ ಬೇರೆ ಇಲ್ಲ ಎಂಬುದು ನನ್ನ ವಾದ.

ನನ್ನದು ಮದುವೆ ಫೋಟೊ ಕಸುಬು. ಇದರಲ್ಲಿ ಸಿಗುವುದು ಕೂಲಿ: ದಿನಕ್ಕಿಷ್ಟು, ಆಲ್ಬಂಗೆ ಇಷ್ಟು, ಡ್ರೋನ್ ಹಾರಿಸಿದರೆ ಮೇಲೆ ಇಷ್ಟು. ಚಿತ್ರಕ್ಕೆಂದು ಬೆಲೆ ಕಟ್ಟುವ ಪದ್ಧತಿಯೇ ಇಲ್ಲ. ಕಾನೂನೂ ಹಾಗೇ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊ, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದ್ದೇ. ಬೀಗರ ಮನೆಯವರು ನನ್ನನ್ನು ಮರೆತರೂ ತಕರಾರು ಮಾಡುವಂತಿಲ್ಲ. ಆದರೆ ಮದುವೆ ಸೀಸನ್ ಇಲ್ಲದಾಗ ನನಗೋಸ್ಕರ ನಾನೇ ತೆಗೆದದ್ದು ನನ್ನದು. ಯಶವಂತಪುರ ಎಪಿಎಂಸಿ ಯಾರ್ಡಿನಲ್ಲಿ ಬೆಳಗಿನ ಜಾವ ಈರುಳ್ಳಿ ಮೂಟೆ ಇಳಿಸುವುದು, ಪೀಣ್ಯದಲ್ಲಿ ಶಿಫ್ಟ್ ಬಿಟ್ಟ ಹೊತ್ತಿನ ಬೀಡಿ ಅಂಗಡಿ, ಮಳೆ ನಿಂತ ಮೇಲಿನ ಲಗ್ಗೆರೆ ಸೇತುವೆ. 2012ರ ತಿದ್ದುಪಡಿಯ ನಂತರ ಇವುಗಳ ಹಕ್ಕು ನಾನಿರುವಷ್ಟು ದಿನ ನನಗೆ, ಆಮೇಲೆ 60 ವರ್ಷ ನನ್ನ ಮಕ್ಕಳಿಗೆ. ಕಾಗದದ ಮೇಲಂತೂ ದೊಡ್ಡ ಆಸ್ತಿ.

ಈ ಆಸ್ತಿಯನ್ನು ಕರಗಿಸುವ ಒಂದು ವಾಕ್ಯವಿದೆ: ‘ಸೂಪರ್ ಆಗಿದೆ ಸಾರ್, ಸಾಫ್ಟ್ ಕಾಪಿ ಕಳ್ಸಿ ಸಾಕು, ಪ್ರಿಂಟ್ ನಾವೇ ಹಾಕಿಸ್ಕೋತೀವಿ.’ ಕೇಳುವವರು ಕೆಟ್ಟವರಲ್ಲ. ಪರಿಚಯದವರು, ನೆಂಟರು, ಪಾರ್ಕಿನಲ್ಲಿ ಬೆಳಿಗ್ಗೆ ಜೊತೆಗೆ ನಡೆಯುವವರು. ಅವರಿಗೆ ಎದುರಿಗೇ ‘ಇದಕ್ಕೆ ಎರಡೂವರೆ ಸಾವಿರ’ ಅನ್ನಲು ನನ್ನಂಥವನಿಗೆ ನಾಲಿಗೆ ಹೊರಳುವುದಿಲ್ಲ. ನಮ್ಮ ಕಡೆಯ ಸಂಕೋಚ ಅದು. ವೆಬ್‌ಸೈಟ್ ನನಗೆ ಮಾಡಿದ ದೊಡ್ಡ ಉಪಕಾರ ಇದೇ. ನಾನು ಬಾಯಿಬಿಟ್ಟು ಹೇಳಲಾಗದ ಬೆಲೆಯನ್ನು ಅದು ಚಿತ್ರದ ಕೆಳಗೆ ಬರೆದುಕೊಂಡು ಕೂತಿದೆ. ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು. ಅರ್ಧ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ‘ಲಾಸ್ಟ್ ಎಷ್ಟು?’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳುವವರೂ ಇದ್ದಾರೆ. ಪುಟದಲ್ಲಿ ಬರೆದದ್ದೇ ಲಾಸ್ಟು.

ಇನ್‌ಸ್ಟಾಗ್ರಾಮ್ ಇದೆಯಲ್ಲ, ವೆಬ್‌ಸೈಟ್ ಯಾಕೆ ಎಂದು ಹುಡುಗರು ಕೇಳುತ್ತಾರೆ. ಅಲ್ಲಿ ನಾನು ಬಾಡಿಗೆದಾರ. ಮಾಲೀಕ ಇವತ್ತು ರೀಲ್ಸ್ ಮುಂದಕ್ಕೆ ತಳ್ಳಿ ಸ್ಥಿರಚಿತ್ರವನ್ನು ಹಿಂದಕ್ಕೆ ಸರಿಸಿದರೆ ಕೇಳುವಂತಿಲ್ಲ. ಸ್ವಂತ ಹೆಸರಿನ ಡೊಮೈನಿಗೆ ವರ್ಷಕ್ಕಾಗುವ ಖರ್ಚು ನಾಲ್ಕು ಜನ ಕೂತು ದೋಸೆ ತಿಂದಷ್ಟೂ ಇಲ್ಲ. ಕದಿಯುತ್ತಾರೆ ಅನ್ನುವ ಭಯ ಎರಡೂ ಕಡೆ ಒಂದೇ. ನನ್ನ ಪುಟದಲ್ಲಿ ಚಿತ್ರದ ಉದ್ದದ ಬದಿ 1200 ಪಿಕ್ಸೆಲ್. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಅದನ್ನು ಚೊಕ್ಕವಾಗಿ ಪ್ರಿಂಟ್ ಹಾಕಿಸಿದರೆ ನಾಲ್ಕು ಇಂಚು ಬರುತ್ತದೆ. 12ಕ್ಕೆ 18ರ ಪ್ರಿಂಟಿಗೆ 3600ಕ್ಕೆ 5400 ಬೇಕು, ಆ ಫೈಲು ನನ್ನ ಹಾರ್ಡ್ ಡಿಸ್ಕ್ ಬಿಟ್ಟು ಆಚೆ ಹೋಗುವುದಿಲ್ಲ. ನಾಲ್ಕು ಇಂಚಿನದನ್ನು ಕದ್ದು ಫ್ರಿಜ್ ಮೇಲೆ ಅಂಟಿಸಿಕೊಳ್ಳುವವರು ಅಂಟಿಸಿಕೊಳ್ಳಲಿ. ಚಿತ್ರದ ಮಧ್ಯೆ ಕೊರೆದಂತೆ ವಾಟರ್‌ಮಾರ್ಕ್ ಹಾಕುವ ಗೆಳೆಯರನ್ನು ಕಂಡರೆ ನನಗೆ ಪಾತ್ರೆಯ ಮೇಲೆ ಹೆಸರು ಕೆತ್ತಿಸುತ್ತಿದ್ದ ನಮ್ಮಜ್ಜಿ ನೆನಪಾಗುತ್ತಾರೆ.

ಪ್ರಿಂಟ್ ಎನ್ನುವುದು ನಮ್ಮೂರಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಇವರೆಲ್ಲ ಡಾರ್ಕ್‌ರೂಮಿನ ಕಾಲದವರು. ಪ್ರಿಂಟ್ ಇಲ್ಲದಿದ್ದರೆ ಫೋಟೊವೇ ಇಲ್ಲ ಎಂಬ ಕಾಲ ಅದು. ಆಗಿನ ಪ್ರಿಂಟುಗಳು ದೇಶವಿದೇಶದ ಸಲಾನ್‌ಗಳಿಗೆ, ಅಂದರೆ ಫೋಟೊ ಸ್ಪರ್ಧೆಗಳಿಗೆ, ಅಂಚೆಯಲ್ಲಿ ಹೋಗಿ, ಬೆನ್ನಿಗೆ ಲೇಬಲ್ ಅಂಟಿಸಿಕೊಂಡು ವಾಪಸ್ ಬರುತ್ತಿದ್ದವು. ಹೋದವು, ಗೆದ್ದವು, ಬಂದವು. ಯಾರ ಮನೆಯ ಗೋಡೆಗೂ ಏರಲಿಲ್ಲ ಎನ್ನುವುದು ನನಗೆ ಕೊರಗು. ಮೈಸೂರಿನ ಟಿ.ಎಸ್. ಸತ್ಯನ್ ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರ ನಮ್ಮ ಮನೆಗೆ ಬಂದದ್ದು ಪತ್ರಿಕೆಯ ಹಾಳೆಯಾಗಿ. ಅಪ್ಪ ಒಂದನ್ನು ಕತ್ತರಿಸಿ ಗೋಡ್ರೇಜ್ ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದರು. ಕೊಳ್ಳಬೇಕೆಂದರೂ ಎಲ್ಲಿ ಕೊಳ್ಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಈಗ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳಿಗೇ ಮೀಸಲಾದ ‘ಮ್ಯಾಪ್’ ಮ್ಯೂಸಿಯಂ ಇದೆ, 2023ರಲ್ಲಿ ಬಾಗಿಲು ತೆರೆಯಿತು. ಸಂತೋಷ. ಆದರೆ ಮ್ಯೂಸಿಯಂ ಗೋಡೆಗೂ ನಂದಿನಿ ಲೇಔಟ್‌ನ ಹಾಲ್ ಗೋಡೆಗೂ ನಡುವಿನ ದೂರ ಬಿಎಂಟಿಸಿ ಬಸ್ಸಿನದ್ದಷ್ಟೇ ಅಲ್ಲ.

ನಾವು ಗೋಡೆಗೆ ಏರಿಸುವುದು ಇಬ್ಬರನ್ನು: ದೇವರನ್ನು, ತೀರಿಹೋದವರನ್ನು. ಮಿಕ್ಕ ಜಾಗ ಕ್ಯಾಲೆಂಡರಿನದು. ಕಲಬುರಗಿಯ ಎಸ್.ಎಂ. ಪಂಡಿತರ ದೇವರುಗಳು ಕ್ಯಾಲೆಂಡರಿನಲ್ಲಿ ಬಂದು ವರ್ಷ ಮುಗಿದ ಮೇಲೆ ಕಟ್ಟು ಹಾಕಿಸಿಕೊಂಡು ದೇವರಮನೆ ಸೇರುತ್ತಿದ್ದರು. ಆ ಗೋಡೆಗೆ ಈರುಳ್ಳಿ ಮೂಟೆ ಹೊತ್ತವನ ಚಿತ್ರ ಯಾಕೆ ಎಂದು ಕೇಳಿದರೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ಸಣ್ಣದು, ಇದಕ್ಕಿಂತ ಗಟ್ಟಿ. ನಮ್ಮ ಭಾಗದಲ್ಲಿ ಬಾಡಿಗೆಗೆ ಇರುವವರಿಗೆ ಓನರ್ ಹೇಳುವ ಮೊದಲ ಮಾತು, ‘ಗೋಡೆಗೆ ಮೊಳೆ ಹೊಡೀಬೇಡಿ.’ ಐಟಿ ಕೆಲಸದ ಹುಡುಗಿಯೊಬ್ಬಳು ಲಗ್ಗೆರೆ ಸೇತುವೆಯ ಚಿತ್ರ ಆರ್ಡರ್ ಮಾಡಿ, ಎರಡು ದಿನ ಬಿಟ್ಟು ಇದೇ ಕಾರಣಕ್ಕೆ ಕ್ಯಾನ್ಸಲ್ ಮಾಡಿದಳು. ಆಮೇಲೆ 8ಕ್ಕೆ 12ರ ಅಳತೆಯನ್ನೂ ಪುಟಕ್ಕೆ ಸೇರಿಸಿದೆ. ಟಿವಿ ಸ್ಟ್ಯಾಂಡಿನ ಮೇಲೆ ಒರಗಿಸಿಟ್ಟುಕೊಳ್ಳಬಹುದು. ಈಗ ಹೆಚ್ಚು ಹೋಗುವುದು ಅದೇ.

ಸಾಫ್ಟ್ ಕಾಪಿ ಕೇಳುವವರಿಗೆ ಪ್ರಿಂಟ್ ಎಂದರೆ ಬಟನ್ ಒತ್ತಿದರೆ ಬೀಳುವ ಹಾಳೆ. ಎಪಿಎಂಸಿ ಚಿತ್ರದ ಕಥೆ ಹೇಳುತ್ತೇನೆ. ಫೋನಿನಲ್ಲಿ ನೋಡಿದರೆ ಅದ್ಭುತ: ಲಾರಿಯ ಹೊಟ್ಟೆಯೊಳಗೆ ನಿಂತ ಹಮಾಲಿಯ ಬೆವರೂ ಕಾಣುತ್ತದೆ. ಹತ್ತಿಯ ನಾರಿನ ಕಾಗದದ ಮೇಲೆ ಮೊದಲ ಟೆಸ್ಟ್ ಪಟ್ಟಿ ತೆಗೆದಾಗ ಲಾರಿಯೊಳಗೆ ಬರೀ ಕತ್ತಲು, ಮನುಷ್ಯನೇ ಮಾಯ. ಫೋನು ತನ್ನೊಳಗಿನ ಬೆಳಕಿನಿಂದ ಹೊಳೆಯುವಂಥದ್ದು, ಕಾಗದ ಕೋಣೆಯ ಬೆಳಕನ್ನು ತೆಗೆದುಕೊಂಡು ಅಷ್ಟನ್ನೇ ತಿರುಗಿಸಿ ಕೊಡುವಂಥದ್ದು. ಮ್ಯಾಟ್ ಕಾಗದವಾದರೆ ಅದರಲ್ಲೂ ಕಡುಗಪ್ಪು ಸ್ವಲ್ಪ ಮೆತ್ತಗೆ ಕೂರುತ್ತದೆ. ನೆರಳನ್ನಷ್ಟೇ ಎತ್ತಬೇಕು, ಆದರೆ ಎತ್ತಿದಷ್ಟೂ ಬೆಳಗಿನ ಜಾವ ಹೋಗಿ ಮಧ್ಯಾಹ್ನವಾಗುತ್ತದೆ. ಲ್ಯಾಬಿನ ಹುಡುಗ ಮತ್ತು ನಾನು ಎರಡು ಬೆರಳಗಲದ ಪಟ್ಟಿಗಳನ್ನು ಸಾಲಾಗಿ ತೆಗೆದು, ಒಣಗಲು ಬಿಟ್ಟು, ಕಿಟಕಿಯ ಹತ್ತಿರ ಹಿಡಿದು ನೋಡಿದೆವು. ಕಿಟಕಿಯಲ್ಲಿ ಚೆನ್ನಾಗಿದ್ದದ್ದು ಮನೆಗೆ ತಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದರೆ ಈರುಳ್ಳಿಯ ಕೆಂಪು ಸತ್ತುಹೋಗಿತ್ತು. ಗ್ಯಾಲರಿಯವರು ಏನೇ ಹೇಳಲಿ, ನನ್ನ ಗಿರಾಕಿಯ ಹಾಲಿನಲ್ಲಿರುವುದು ಬಿಳಿ ಎಲ್‌ಇಡಿ ಟ್ಯೂಬು. ಹಾಗಾಗಿ ಕೊನೆಯ ತೀರ್ಮಾನ ಮಾಡುವುದು ಅದರ ಕೆಳಗೇ. ಕೆಂಪನ್ನು ಒಂದು ಎಳೆ ಬೆಚ್ಚಗೆ ಮಾಡಿ, ಹಮಾಲಿಯ ಹೆಗಲು ಮತ್ತು ಹಗ್ಗ ಎರಡೂ ಬೇರೆಬೇರೆ ಕಾಣುವಲ್ಲಿಗೆ ನಿಲ್ಲಿಸಿದೆ. ಬೆವರು ಕಾಣುವುದಿಲ್ಲ, ಇರಲಿ.

ಆ ಹಮಾಲಿಗೆ ಮೊದಲ ಪ್ರಿಂಟ್ ಕೊಟ್ಟು, ಮಾರಬಹುದಾ ಎಂದು ಕೇಳಿದ್ದೆ. ‘ಮುಖ ಅಷ್ಟೊಂದು ಕಾಣಲ್ವಲ್ಲ, ಮಾರ್ಕೊಳ್ಳಿ’ ಅಂದರು. ನಮ್ಮದೇ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಬೀದಿಯಲ್ಲಿ ತೆಗೆದ ಮುಖವನ್ನು ಮಾರುವಾಗ ನಾನು ಅದನ್ನು ನೆನಪಿಟ್ಟುಕೊಳ್ಳುತ್ತೇನೆ. ಒಪ್ಪಿಗೆ ಸಿಗದ ಮುಖ ನನ್ನ ಪುಟದಲ್ಲಿ ಇಲ್ಲ.

ಬೆಲೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. 12ಕ್ಕೆ 18ರ ಒಂದು ಪ್ರಿಂಟಿಗೆ ಕಾಗದ, ಪಿಗ್ಮೆಂಟ್ ಇಂಕು, ಲ್ಯಾಬ್ ಕೂಲಿ ಸೇರಿ ಎಂಟುನೂರರ ಆಸುಪಾಸು. ಬಟರ್ ಪೇಪರ್ ಸುತ್ತಿ, ಗಟ್ಟಿ ಕೊಳವೆಗೆ ಹಾಕಿ ಅಂಚೆಯಲ್ಲಿ ಕಳಿಸಲು ಇನ್ನೊಂದು ಇನ್ನೂರು. ಪೇಮೆಂಟ್ ಗೇಟ್‌ವೇ ನೂರಕ್ಕೆ ಎರಡರ ಹತ್ತಿರ ಹಿಡಿದುಕೊಳ್ಳುತ್ತದೆ. ಹತ್ತರಲ್ಲಿ ಒಂದು ಕೊಳವೆ ದಾರಿಯಲ್ಲಿ ಸೊಟ್ಟಗಾಗಿ ಬದಲಿ ಕಳಿಸಬೇಕಾಗುತ್ತದೆ ಎಂದೇ ಇಟ್ಟುಕೊಂಡಿದ್ದೇನೆ. ಉಳಿದದ್ದರಲ್ಲಿ ಕ್ಯಾಮೆರಾ, ಲೆನ್ಸ್, ಬೆಳಗಿನ ಜಾವದ ನಿದ್ದೆ. ಜರ್ಮನಿಯ ಆಂದ್ರಿಯಾಸ್ ಗುರ್ಸ್ಕಿ ತೆಗೆದ ರೈನ್ ನದಿಯ ಒಂದು ಪ್ರಿಂಟು 2011ರಲ್ಲಿ 43 ಲಕ್ಷ ಡಾಲರಿಗೆ ಹರಾಜಾಯಿತು ಎಂದು ಪ್ರತಿ ಫೋಟೊ ಕಾರ್ಯಾಗಾರದಲ್ಲೂ ಒಬ್ಬರು ಹೇಳಿಯೇ ಹೇಳುತ್ತಾರೆ. ಆ ಸುದ್ದಿಯಿಂದ ನನ್ನ ಕೊಳವೆಯ ಖರ್ಚು ಹುಟ್ಟಿಲ್ಲ.

ಸರ್ಕಾರದ ಹತ್ತಿರ ನನಗೊಂದು ಕೆಲಸವಿದೆ. ಕರ್ನಾಟಕದೊಳಗೆ ಸರಕನ್ನಷ್ಟೇ ಮಾರುವವನಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ರಾಜ್ಯದ ಗಡಿ ದಾಟಿ ಒಂದೇ ಒಂದು ಪಾರ್ಸೆಲ್ ಮಾರಿದರೂ ಕೇಂದ್ರ ಜಿಎಸ್‌ಟಿ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ನೋಂದಣಿ ಕಡ್ಡಾಯ. ಎಂದರೆ ಏಳುನೂರು ಕಿಲೋಮೀಟರ್ ಆಚೆಯ ಬೀದರಿಗೆ ನಾನು ನಿರಾಳವಾಗಿ ಪ್ರಿಂಟ್ ಕಳಿಸಬಹುದು. ನಲವತ್ತು ಕಿಲೋಮೀಟರಿನ ಹೊಸೂರಿಗೆ ಕಳಿಸಬೇಕಾದರೆ ನೋಂದಣಿ, ತಿಂಗಳು ತಿಂಗಳು ಅಥವಾ ತ್ರೈಮಾಸಿಕ ರಿಟರ್ನ್, ಅದಕ್ಕೊಬ್ಬ ಆಡಿಟರು. ವೆಬ್‌ಸೈಟಿಗೆ ಗಡಿ ಗೊತ್ತಿಲ್ಲ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರಿಗೆ ಬೆಂಗಳೂರಿನ ಚಿತ್ರ ಬೇಕಿರುವುದು ಬೆಂಗಳೂರಿನವರಿಗಿಂತ ಹೆಚ್ಚೇ. ಕಾಸರಗೋಡಿನ ಒಬ್ಬರು ಮೇಷ್ಟ್ರು ಕಂಠೀರವ ಸ್ಟುಡಿಯೊ ಮುಂದಿನ ಜನಸಾಗರದ ಚಿತ್ರ ಕೇಳಿದಾಗ, ‘ಮಂಗಳೂರಿನಲ್ಲಿ ನೆಂಟರಿದ್ದರೆ ಅವರ ವಿಳಾಸ ಕೊಡಿ’ ಎಂದು ಬರೆಯಬೇಕಾಯಿತು. ನೆಂಟರಿದ್ದರು, ಆ ಸಲ ಬಚಾವಾದೆ.

ಇದನ್ನು ಸರಿಪಡಿಸುವುದು ಆಗದ ಕೆಲಸವೇನಲ್ಲ. ಕರಕುಶಲ ವಸ್ತು ಮಾಡುವವರಿಗೆ ಈ ಗಡಿ ನಿಯಮದಿಂದ ಒಂದು ಮಿತಿಯವರೆಗೆ ವಿನಾಯಿತಿ ಈಗಾಗಲೇ ಇದೆ, ಆ ಪಟ್ಟಿಯಲ್ಲಿ ಮೈಸೂರು ಶೈಲಿಯ ವರ್ಣಚಿತ್ರದ ಹೆಸರೂ ಇದೆ. ಸೇವೆ ಮಾರುವವರಿಗೆ 20 ಲಕ್ಷದವರೆಗೆ ಗಡಿಯ ಕಾಟವಿಲ್ಲ. ಹೊಸೂರಿಗೇ ಹೋಗಿ ಮದುವೆ ಫೋಟೊ ತೆಗೆದು ಬಂದರೆ ನಾನು ಸೇವೆಯವನು, ಪಾರು. ಅದೇ ಹೊಸೂರಿಗೆ ಒಂದು ಪ್ರಿಂಟ್ ಕಳಿಸಿದರೆ ಸರಕಿನ ವ್ಯಾಪಾರಿ. ತೆಗೆದವನೇ ಸಹಿ ಹಾಕಿ ಮಾರುವ ಛಾಯಾಚಿತ್ರವನ್ನೂ ಆ ವಿನಾಯಿತಿ ಪಟ್ಟಿಗೆ ಸೇರಿಸಿ ಎಂದು ಜಿಎಸ್‌ಟಿ ಮಂಡಳಿಯಲ್ಲಿ ಕೂರುವ ನಮ್ಮ ರಾಜ್ಯದ ಪ್ರತಿನಿಧಿ ಕೇಳಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ನೋಟಿಸು ಬಂದಾಗ ನಮ್ಮ ಬೀದಿಗಳಲ್ಲೂ ‘ಕ್ಯಾಶ್ ಮಾತ್ರ’ ಬೋರ್ಡುಗಳು ಎದ್ದಿದ್ದನ್ನು ನೋಡಿದ್ದೇವೆ. ವೆಬ್‌ಸೈಟಿನವನಿಗೆ ಆ ದಾರಿಯೂ ಇಲ್ಲ, ಅವನ ಪ್ರತಿ ರೂಪಾಯಿಯೂ ಬ್ಯಾಂಕಿನ ಮೂಲಕವೇ ಬರುವುದು. ಲೆಕ್ಕ ತೋರಿಸಲು ನನಗೆ ಅಡ್ಡಿಯಿಲ್ಲ, ಹೊಸೂರಿನ ಒಂದು ಪ್ರಿಂಟಿಗಾಗಿ ಆಡಿಟರನ್ನು ಇಟ್ಟುಕೊಳ್ಳುವುದಷ್ಟೇ ಕಷ್ಟ. ಪಟ್ಟಿ ಬದಲಾಗುವವರೆಗೆ ನನ್ನ ಪುಟದ ವಿಳಾಸದ ಕಾಲಮ್ಮಿನಲ್ಲಿ ರಾಜ್ಯ ಎಂಬಲ್ಲಿ ಕರ್ನಾಟಕ ಒಂದೇ ಇರುತ್ತದೆ. ಗಡಿಯಾಚೆಯವರು ದಯವಿಟ್ಟು ಈಚೆಗಿನ ನೆಂಟರ ಪಿನ್‌ಕೋಡ್ ಹಾಕಿ.