ಹಣದ ಚೀಲಕ್ಕೂ ವಾಕ್‌ಸ್ವಾತಂತ್ರ್ಯವೇ?

ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ಪ್ರಭು ಯೇಸುಸ್ವಾಮಿ ಜನರು ಹಣ ಹಾಕುವುದನ್ನು ಗಮನಿಸುತ್ತಿದ್ದರೆಂದು ಸಂತ ಮಾರ್ಕರ ಶುಭಸಂದೇಶ ತಿಳಿಸುತ್ತದೆ. ಸಿರಿವಂತರ ದೊಡ್ಡ ಮೊತ್ತಗಳಿಗಿಂತ ಬಡ ವಿಧವೆಯ ಎರಡು ಕಾಸುಗಳೇ ಅವರ ದೃಷ್ಟಿಯಲ್ಲಿ ಹಿರಿದಾದವು. ನಮ್ಮ ಮತಪೆಟ್ಟಿಗೆಯೂ ಇಂಥದೇ ಸಮಾನತೆಯ ಮೇಲೆ ನಿಂತಿದೆ. ಬಳ್ಳಾರಿಯ ಗಣಿ ಒಡೆಯನಿಗೂ ಒಂದೇ ಮತ, ಸಿರುಗುಪ್ಪದ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ತಾಯಿಗೂ ಒಂದೇ ಮತ. ಆದರೆ ಮತ ಸಮಾನವಾದ ಮಾತ್ರಕ್ಕೆ ಧ್ವನಿಯೂ ಸಮಾನವಾಯಿತೇ?

ಹಣ ವೆಚ್ಚ ಮಾಡುವುದೂ ಮಾತನಾಡುವುದರ ಒಂದು ಬಗೆ, ಅದಕ್ಕೆ ಮಿತಿ ಹೇರುವುದು ವಾಕ್‌ಸ್ವಾತಂತ್ರ್ಯದ ಹರಣ ಎಂಬ ವಾದವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1976ರಲ್ಲಿ ಬಹುಮಟ್ಟಿಗೆ ಒಪ್ಪಿತು. ದೇಣಿಗೆಯ ಮಿತಿಯನ್ನು ಉಳಿಸಿ, ಪ್ರಚಾರ ವೆಚ್ಚದ ಮಿತಿಯನ್ನು ಕಿತ್ತುಹಾಕಿತು. 2010ರಲ್ಲಿ ಕಂಪನಿಗಳ ಸ್ವತಂತ್ರ ಪ್ರಚಾರ ವೆಚ್ಚದ ಮೇಲಿದ್ದ ನಿರ್ಬಂಧವೂ ಬಿದ್ದುಹೋಯಿತು.

ನಮ್ಮ ನ್ಯಾಯಾಲಯಗಳು ಹಿಡಿದ ಹಾದಿ ಬೇರೆ. 1971ರ ದೆಹಲಿ ಸದರ್ ಕ್ಷೇತ್ರದ ಚುನಾವಣೆಯ ಕುರಿತ ಕನ್ವರ್‌ಲಾಲ್ ಗುಪ್ತ ಮೊಕದ್ದಮೆಯಲ್ಲಿ, ಅಭ್ಯರ್ಥಿಗಾಗಿ ಪಕ್ಷವು ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಲೆಕ್ಕಕ್ಕೇ ಸೇರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಕಾಯಿದೆಯನ್ನು ತಿದ್ದಿ ಆ ತೀರ್ಪನ್ನು ನಿಷ್ಫಲಗೊಳಿಸಲಾಯಿತು. 2003ರಲ್ಲಿ ಆ ವಿನಾಯಿತಿ ಕಿರಿದಾಯಿತು. ಆದರೂ ಪಕ್ಷದ ಪ್ರಮುಖ ನಾಯಕರ ಪ್ರಚಾರ ಪ್ರವಾಸದ ವೆಚ್ಚ ಅಭ್ಯರ್ಥಿಯ ಲೆಕ್ಕದ ಹೊರಗೇ ಉಳಿಯಿತು.

2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2018ರ ಚುನಾವಣಾ ಬಾಂಡ್ ಯೋಜನೆಯನ್ನು ಏಕಾಭಿಪ್ರಾಯದಿಂದ ರದ್ದುಪಡಿಸಿತು. ಅಲ್ಲಿಯೂ ಆಧಾರವಾದದ್ದು ವಾಕ್‌ಸ್ವಾತಂತ್ರ್ಯವೇ, ಸಂವಿಧಾನದ 19(1)(ಎ) ವಿಧಿ. ಆದರೆ ಅದು ಹಣ ಕೊಟ್ಟವನ ಸ್ವಾತಂತ್ರ್ಯವಾಗಿರಲಿಲ್ಲ. ಹಣ ಎಲ್ಲಿಂದ ಬಂತೆಂದು ತಿಳಿದು ಮತ ಹಾಕುವ ಪ್ರಜೆಯ ಸ್ವಾತಂತ್ರ್ಯವಾಗಿತ್ತು. ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 7.5ರಷ್ಟನ್ನು ಮಾತ್ರ ಕೊಡಬಹುದೆಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಿದ್ದೂ ಅಸಿಂಧುವಾಯಿತು. ಬಳಿಕ ಪ್ರಕಟವಾದ ಪಟ್ಟಿಯಲ್ಲಿ ಬಾಂಡುಗಳ ಮೊತ್ತದ ಬಹುಪಾಲು ಒಂದು ಕೋಟಿ ರೂಪಾಯಿ ಮುಖಬೆಲೆಯದೇ ಆಗಿತ್ತು. ವಿಧವೆಯ ಕಾಸಿಗೆ ಅಲ್ಲಿ ಸ್ಥಳವಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಪ್ರಭುವೇ ಬೋಧಿಸಲಿಲ್ಲವೇ, ಗುಪ್ತವಾಗಿ ಕೊಟ್ಟರೆ ತಪ್ಪೇನು ಎಂದು ಕೆಲವರು ಕೇಳಬಹುದು. ಆ ಬೋಧನೆ ದಾನಕ್ಕೆ ಸಂಬಂಧಿಸಿದ್ದು. ದಾನಿ ಪ್ರತಿಫಲ ಬಯಸುವುದಿಲ್ಲ; ಆದ್ದರಿಂದ ಮರೆಯಲ್ಲಿರುವುದು ಅವನಿಗೆ ಶೋಭೆ. ಅಧಿಕಾರದಲ್ಲಿರುವವರಿಗೆ ಕೋಟಿ ಕೊಡುವವನು ಗುತ್ತಿಗೆಯನ್ನೋ ಪರವಾನಗಿಯನ್ನೋ ಬಯಸಿದ್ದರೆ ಅದು ದಾನವಲ್ಲ, ವ್ಯಾಪಾರ. ವಿರೋಧ ಪಕ್ಷಕ್ಕೆ ಕೊಟ್ಟವನು ಸೇಡಿಗೆ ಗುರಿಯಾದಾನೆಂಬ ಭಯ ನಿಜವಾದುದೇ. ಅದಕ್ಕೆ ಮದ್ದು ಸೇಡನ್ನು ತಡೆಯುವುದೇ ಹೊರತು ಮತದಾರನ ಕಣ್ಣು ಕಟ್ಟುವುದಲ್ಲ.

ಅದಿರಿನ ಸಂಪತ್ತು ರಾಜಕಾರಣದ ಮೇಲೆ ಚಾಚುವ ನೆರಳನ್ನು ಬಳ್ಳಾರಿಯವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಯೂ ಜಿಲ್ಲೆಯ ಗಣಿಗಾರಿಕೆಗೆ ಸರ್ವೋಚ್ಚ ನ್ಯಾಯಾಲಯದ ತಡೆಯೂ ಬಂದುದನ್ನು ನಾವು ಮರೆತಿಲ್ಲ. 2022ರ ಜನವರಿಯಲ್ಲಿ ಕರ್ನಾಟಕದ ವಿಧಾನಸಭಾ ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ, ಲೋಕಸಭಾ ಅಭ್ಯರ್ಥಿಗೆ 95 ಲಕ್ಷ ರೂಪಾಯಿಗಳ ಮಿತಿ ನಿಗದಿಯಾಯಿತು. ಪಕ್ಷಗಳ ವೆಚ್ಚಕ್ಕೆ ಮಾತ್ರ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಗಿದೆ ಇದು. ಸಂಸತ್ತು ಈ ಬಾಗಿಲನ್ನೂ ಮುಚ್ಚಬೇಕೆಂಬುದು ನಮ್ಮ ದೃಢವಾದ ಅಭಿಮತ.

ಆದರೆ ಕಾನೂನನ್ನು ದೂರಿ ನಾವು ಕೈ ತೊಳೆದುಕೊಳ್ಳುವಂತಿಲ್ಲ. ಮತಕ್ಕಾಗಿ ಹಣ ಕೊಡುವವನಂತೆ ಪಡೆಯುವವನೂ ಅಪರಾಧಿಯೇ. ಕುರುಗೋಡಿನ ಓಣಿಯಲ್ಲಾಗಲಿ ಬಳ್ಳಾರಿಯ ಬಡಾವಣೆಯಲ್ಲಾಗಲಿ, ಚುನಾವಣೆಯ ಹಿಂದಿನ ರಾತ್ರಿ ಬಾಗಿಲು ತಟ್ಟುವ ಕೈಗೆ ನಮ್ಮ ಕಥೋಲಿಕ ಕುಟುಂಬಗಳು ಏನು ಉತ್ತರ ಕೊಡುತ್ತವೆ? ಬಡತನದಿಂದ ಕೈಯೊಡ್ಡುವವರನ್ನು ಹೊಟ್ಟೆ ತುಂಬಿದವರು ಹಳಿಯುವುದು ಸುಲಭ; ಆ ಬಡತನವನ್ನು ಹಂಚಿಕೊಳ್ಳುವುದು ನಮ್ಮ ಧರ್ಮಕೇಂದ್ರಗಳ ಕರ್ತವ್ಯ. ಆದರೂ ಮಾರಿದ ಮತಕ್ಕೆ ಐದು ವರ್ಷ ಪ್ರಶ್ನೆ ಕೇಳುವ ಬಾಯಿ ಇರುವುದಿಲ್ಲ. ಆಗ ನಾವು ಮಾರಿದ್ದು ನಮ್ಮ ವಾಕ್‌ಸ್ವಾತಂತ್ರ್ಯವನ್ನೇ.

ಫಲಿತಾಂಶ ಬಂದ 30 ದಿನಗಳೊಳಗೆ ಪ್ರತಿಯೊಬ್ಬ ಅಭ್ಯರ್ಥಿಯೂ ಜಿಲ್ಲಾ ಚುನಾವಣಾಧಿಕಾರಿಗೆ ತನ್ನ ವೆಚ್ಚದ ಲೆಕ್ಕ ಒಪ್ಪಿಸಬೇಕು. 1961ರ ಚುನಾವಣಾ ನಿಯಮಗಳ ಪ್ರಕಾರ ಒಂದು ರೂಪಾಯಿ ಶುಲ್ಕ ತೆತ್ತು ಯಾರು ಬೇಕಾದರೂ ಅದನ್ನು ನೋಡಬಹುದು. ಮುಂದಿನ ಚುನಾವಣೆಯ ಬಳಿಕ ನಮ್ಮ ವಿದ್ಯಾವಂತ ಯುವಜನರು ನಾಲ್ವರಾದರೂ ಆ ಕಚೇರಿಯ ಮೆಟ್ಟಿಲು ಹತ್ತಲಿ. ಕೋಟಿಗಳ ಎದುರಿಗೆ ಆ ಒಂದು ರೂಪಾಯಿಯೂ ಕಿರಿದಲ್ಲವೆಂಬುದನ್ನು ವಿಧವೆಯ ಎರಡು ಕಾಸುಗಳನ್ನು ಕಂಡ ಪ್ರಭುವೇ ಬಲ್ಲರು.