ಕೋಚಿಂಗಿನ ಗಂಟೆಯಲ್ಲಿ ಆಟವೆಷ್ಟು?

ಪೋಷಕರೇ, ಶಾಲೆ ಬಿಟ್ಟ ಮೇಲೆ ಮಗುವನ್ನು ಕ್ರಿಕೆಟ್ ಕೋಚಿಂಗಿಗೋ ಕರಾಟೆಗೋ ಬಿಟ್ಟು ಬರುತ್ತೀರಲ್ಲ, ಈ ವಾರ ಒಂದು ಸಂಜೆ ಅಲ್ಲೇ ಅರ್ಧ ಗಂಟೆ ಕೂತು ನೋಡಿ. ಮೊಬೈಲು ಜೇಬಿನಲ್ಲಿರಲಿ. ಪೆನ್ನು, ಚೀಟಿ, ಗಡಿಯಾರ ಸಾಕು.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷ ಉಸಿರಾಟ ಜೋರಾಗುವಂಥ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. 11ರಿಂದ 17ರ ಪ್ರಾಯದವರಲ್ಲಿ ಜಗತ್ತಿನಾದ್ಯಂತ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಅಷ್ಟು ಸಿಗುತ್ತಿಲ್ಲವೆಂದು ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಹೇಳಿದ್ದರು. ನಮ್ಮವನಿಗೆ ಕೋಚಿಂಗ್ ಇದೆಯಲ್ಲ ಎಂದು ನಾವು ನಿಶ್ಚಿಂತರಾಗಿದ್ದೇವೆ. ಆದರೆ ಇಪ್ಪತ್ತು ಮಕ್ಕಳಿಗೆ ಒಂದೇ ನೆಟ್ ಇದ್ದರೆ ಏನಾಗುತ್ತದೆ? ಒಬ್ಬ ಬ್ಯಾಟ್ ಬೀಸುತ್ತಾನೆ, ಒಬ್ಬ ಬೌಲ್ ಮಾಡುತ್ತಾನೆ. ಉಳಿದವರು ಪ್ಯಾಡ್ ಕಟ್ಟಿಕೊಂಡು, ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಸರದಿ ಕಾಯುತ್ತಾರೆ. (ನಮ್ಮ ಖೋಖೋದಲ್ಲೂ ಓಡಿಸುವ ತಂಡದ ಒಂಬತ್ತರಲ್ಲಿ ಎಂಟು ಮಂದಿ ಕೂತೇ ಇರುತ್ತಾರೆ, ಬಿಡಿ.)

ನಿಮ್ಮ ಮಗುವನ್ನಷ್ಟೇ ಗಮನಿಸಿ. ನಿಮಿಷಕ್ಕೊಮ್ಮೆ ತಲೆಯೆತ್ತಿ, ಆ ಕ್ಷಣ ಅದು ಕೂತಿದೆಯೋ, ನಿಂತಿದೆಯೋ, ನಡೆಯುತ್ತಿದೆಯೋ, ಓಡುತ್ತಿದೆಯೋ ಎಂದು ಒಂದು ಗೀಟು ಹಾಕಿ. ಅರ್ಧ ಗಂಟೆಗೆ 30 ಗೀಟು. ಸಂಶೋಧಕರು ಕ್ರೀಡಾಂಗಣದಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅವರು ಕೆಲವೇ ಸೆಕೆಂಡಿಗೊಮ್ಮೆ ನೋಡುತ್ತಾರೆ, ಅಷ್ಟೇ. "ಎಷ್ಟು ಆಡಿದೆ?" ಎಂದು ಮಗುವನ್ನೇ ಕೇಳಿ ಪ್ರಯೋಜನವಿಲ್ಲ. ಮಕ್ಕಳು ಒಂದೇ ಸಮನೆ ಓಡುವುದಿಲ್ಲ; ಒಂದು ಗಳಿಗೆ ಚಿಮ್ಮಿ, ಮರುಗಳಿಗೆ ನಿಲ್ಲುತ್ತಾರೆ. ಅದನ್ನು ನೆನಪಿಟ್ಟು ಲೆಕ್ಕ ಹೇಳುವುದು ದೊಡ್ಡವರಿಂದಲೂ ಆಗದು. ಹೆಜ್ಜೆ ಎಣಿಸುವ ವಾಚನ್ನೂ ಪೂರ್ತಿ ನೆಚ್ಚಬೇಡಿ. ಸೈಕಲ್ ತುಳಿದದ್ದು ಹೆಜ್ಜೆಯ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ.

ಅಳೆಯುತ್ತಿರುವುದು ತರಗತಿಯನ್ನು, ಮಗುವನ್ನಲ್ಲ. ತೂಕ ನೋಡುವುದು, ಪಕ್ಕದ ಮನೆಯವನಿಗೆ ಹೋಲಿಸುವುದು, ಗೋಡೆಗೆ ಪಟ್ಟಿ ಅಂಟಿಸುವುದು ಖಂಡಿತ ಬೇಡ. ಮಗಳನ್ನೂ ಕಳಿಸುತ್ತಿದ್ದರೆ ಅವಳ ಗೀಟುಗಳನ್ನು ಬೇರೆಯಾಗಿಯೇ ಹಾಕಿ. ಹುಡುಗರ ನಡುವೆ ಅವಳಿಗೆ ಚೆಂಡು ಎಷ್ಟು ಸಲ ಸಿಕ್ಕಿತೆಂಬುದನ್ನೂ ಎಣಿಸಿ.

ಚೀಟಿಯನ್ನು ಕೋಚ್‌ಗೆ ತೋರಿಸಿ, ಜಗಳಕ್ಕಲ್ಲ. ಸಾಲನ್ನು ಎರಡು ಮಾಡಿ, ಕಾಯುವವರಿಗೂ ಒಂದು ಚೆಂಡು ಕೊಡಿ, ನಡುನಡುವೆ ಲಗೋರಿ ಆಡಿಸಿ ಎಂದು ಕೇಳಿಕೊಳ್ಳಿ. ಮುಂದಿನ ತಿಂಗಳ ಫೀಸು ಕಟ್ಟುವ ಮುನ್ನ ದಯವಿಟ್ಟು ಇಷ್ಟು ಮಾಡಿ.