ರೇಡಿಯೇಟರ್ ಬಾಯಿ ಸೋರಿದರೆ

ಬೇಸಿಗೆ ಬಂತೆಂದರೆ ಕಂಪ್ಯೂಟರಿನ ದೂರುಗಳೂ ನಮ್ಮ ಕಿವಿಗೆ ಬೀಳುತ್ತವೆ. ಅಡಿಲೇಡ್‌ನಲ್ಲಿ 2019ರ ಜನವರಿ 24ರಂದು ಬಿಸಿಲು 46.6 ಡಿಗ್ರಿ ಮುಟ್ಟಿತ್ತು. ಪರ್ತ್ ಏನೂ ಕಡಿಮೆಯಿಲ್ಲ, ಬ್ರಿಸ್ಬೇನ್‌ನ ಸೆಖೆ ಮಂಗಳೂರನ್ನು ನೆನಪಿಸುತ್ತದೆ. ಇಂಥ ಊರಿನಲ್ಲಿ ಶಿಫ್ಟ್ ಮುಗಿಸಿ ಬಂದು ವಿಡಿಯೋ ಎಡಿಟಿಂಗ್, ಡಿಸೈನ್ ಅಂತ ನಾಲ್ಕು ಕಾಸು ಹೆಚ್ಚಿಗೆ ದುಡಿಯುವವರು ನೀರಿನಿಂದ ತಣಿಯುವ ಕಂಪ್ಯೂಟರ್ ಕೊಳ್ಳುವುದುಂಟು. ತಣಿಸುವುದಕ್ಕೆ ನೀರನ್ನು ನಂಬುವುದು ಹೊಸದೇನಲ್ಲ. ಪರ್ತ್‌ನ ಪಾಸಿ ಸೂಪರ್‌ಕಂಪ್ಯೂಟಿಂಗ್ ಕೇಂದ್ರದಲ್ಲಿ ನೆಲದಡಿಯ ತಂಪು ನೀರೆತ್ತಿ, ಯಂತ್ರದ ಬಿಸಿಯನ್ನು ಅದಕ್ಕೆ ದಾಟಿಸಿ, ಆ ನೀರನ್ನು ಮತ್ತೆ ಭೂಮಿಗೇ ಬಿಡುತ್ತಾರೆ. ಮನೆಯ ಪೆಟ್ಟಿಗೆಯಲ್ಲಿ ಬಿಸಿ ನೀರು ರೇಡಿಯೇಟರಿಗೆ ಹೋಗಿ ಗಾಳಿಗೆ ತಣಿದು ವಾಪಸ್ ಬರುತ್ತದೆ. ಪೈಪು ರೇಡಿಯೇಟರಿಗೆ ಸೇರುವ ಬಾಯಿಗೆ ಪೋರ್ಟ್ ಎನ್ನುತ್ತಾರೆ. ಸೋರಿಕೆ ಶುರುವಾಗುವ ಜಾಗಗಳಲ್ಲಿ ಅದೂ ಒಂದು.

ಹನಿ ಕಂಡ ಕೂಡಲೇ ಸ್ಪ್ಯಾನರ್ ಹುಡುಕಬೇಡಿ. ಮೊದಲು ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ನೀರು ಪವರ್‌ಬೋರ್ಡಿನವರೆಗೂ ಹರಿದಿದ್ದರೆ ಅದನ್ನು ಮುಟ್ಟಲೇಬೇಡಿ, ಸ್ವಿಚ್‌ಬೋರ್ಡಿನ ಮೇನ್ ಆರಿಸಿ. ಆಮೇಲೆ ಸೋರುತ್ತಿರುವ ಜಾಗದ ಫೋಟೋ, ವಿಡಿಯೋ ತೆಗೆದಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇವೆ.

ಈಗ ಹನಿಯ ಮೂಲ ಹುಡುಕಿ. ನೀರು ಬೀಳುವ ಜಾಗವೇ ಸೋರುವ ಜಾಗ ಆಗಿರಬೇಕೆಂದಿಲ್ಲ, ಮೇಲಿನಿಂದ ಇಳಿದು ಬಂದಿರಬಹುದು. ಎಲ್ಲ ಒರೆಸಿ ಒಣಗಿಸಿ, ಒಂದೊಂದು ಜಾಯಿಂಟಿಗೂ ಟಿಶ್ಯೂ ಸುತ್ತಿ, ಯಾವುದು ಮೊದಲು ಒದ್ದೆಯಾಗುತ್ತದೆ ನೋಡಿ. ರೇಡಿಯೇಟರ್ ಬಳಿ ಮುಖ್ಯವಾಗಿ ಮೂರು ಜಾಗ ನೋಡಬೇಕು. ಒಂದು, ಫಿಟ್ಟಿಂಗಿನ ಕೆಳಗಿರುವ ರಬ್ಬರ್ ಬಳೆ, ಅಂದರೆ ಓ-ರಿಂಗ್. ಎರಡು, ಪೋರ್ಟಿನ ಸುತ್ತಲಿನ ಬೆಸುಗೆ. ಮೂರು, ಫ್ಯಾನಿನ ಸ್ಕ್ರೂ. ಅಳತೆಗಿಂತ ಉದ್ದದ ಸ್ಕ್ರೂ ಹಾಕಿದರೆ ಅದರ ತುದಿ ರೇಡಿಯೇಟರಿನ ಕೊಳವೆಯನ್ನೇ ತೂತು ಮಾಡುತ್ತದೆ.

ಓ-ರಿಂಗ್ ಆದರೆ ಮನೆಯಲ್ಲೇ ಸರಿಹೋಗುತ್ತದೆ. ಊರಲ್ಲಿ ನಲ್ಲಿ ಸೋರಿದರೆ ಥ್ರೆಡ್‌ಗೆ ಬಿಳಿ ಟೇಪ್ ಸುತ್ತಿ ಬಿಗಿಯುವುದು ನಮಗೆಲ್ಲ ರೂಢಿ. ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಈ ಪೋರ್ಟುಗಳಲ್ಲಿ ಸಾಮಾನ್ಯವಾಗಿ ಜಿ 1/4 ಎಂಬ ಅಳತೆಯ ನೇರ ಥ್ರೆಡ್ ಇರುತ್ತದೆ. ಥ್ರೆಡ್ಡಿನ ಕೆಲಸ ಫಿಟ್ಟಿಂಗನ್ನು ಹಿಡಿದಿಡುವುದು ಮಾತ್ರ, ನೀರನ್ನು ತಡೆಯುವುದು ರಬ್ಬರ್. ಕುಕ್ಕರಿನ ಗ್ಯಾಸ್ಕೆಟ್ ಹಳತಾದರೆ ಮುಚ್ಚಳವನ್ನು ಎಷ್ಟು ಒತ್ತಿದರೂ ಆವಿ ಹೋಗುತ್ತಲ್ಲ, ಹಾಗೇ ಇದು. ಬಲ ಹಾಕಿದಷ್ಟೂ ರಿಂಗ್ ನಜ್ಜಾಗುತ್ತದೆ, ಹಿತ್ತಾಳೆಯ ಥ್ರೆಡ್ಡೂ ಕೆಡುತ್ತದೆ.

ನೀರು ಪೂರ್ತಿ ಬಸಿದು ಫಿಟ್ಟಿಂಗ್ ಬಿಚ್ಚಿ. ರಿಂಗ್ ಸೀಳಿದ್ದರೆ, ಚಪ್ಪಟೆಯಾಗಿದ್ದರೆ, ಗಟ್ಟಿಯಾಗಿದ್ದರೆ ಅದೇ ಅಳತೆಯ ಹೊಸದು ಹಾಕಿ. ಪೋರ್ಟಿನ ಮುಖ ಒರೆಸಿ, ರಿಂಗನ್ನು ಲೂಪಿನ ನೀರಿನಿಂದಲೇ ಒದ್ದೆ ಮಾಡಿ ಕೂರಿಸಿ. ಫಿಟ್ಟಿಂಗನ್ನು ನೆಟ್ಟಗೆ ಹಿಡಿದು ಬೆರಳಲ್ಲೇ ತಿರುಗಿಸಿ. ಕೈಯಲ್ಲಿ ಬಿಗಿಯಾದರೆ ಸಾಕು. ನಲ್ಲಿ ನೀರು ತುಂಬಬೇಡಿ, ಲೂಪಿಗೆಂದೇ ಮಾರುವ ಕೂಲೆಂಟ್ ತುಂಬಿ. ಬೆಸುಗೆ ಬಿಟ್ಟಿದ್ದರೆ ಅಥವಾ ಕೊಳವೆ ತೂತಾಗಿದ್ದರೆ ಅಂಟು ಮೆತ್ತಿ ಕಂಪ್ಯೂಟರನ್ನು ಪಣಕ್ಕಿಡುವುದಕ್ಕಿಂತ ರೇಡಿಯೇಟರನ್ನೇ ಬದಲಿಸುವುದು ಲೇಸು.

ಜೋಡಿಸಿದ ಮೇಲೆ ಪರೀಕ್ಷೆ. ಬೋರ್ಡು, ಗ್ರಾಫಿಕ್ಸ್ ಕಾರ್ಡು, ಡ್ರೈವ್ ಎಲ್ಲದರ ಪವರ್ ವೈರ್ ಬಿಡಿಸಿ. ಪವರ್ ಸಪ್ಲೈಗೆ 24 ಪಿನ್ನಿನ ಜಂಪರ್ ಹಾಕಿ ಪಂಪೊಂದನ್ನೇ ಓಡಿಸಿ. ಜಾಯಿಂಟುಗಳ ಕೆಳಗೆ ಟಿಶ್ಯೂ ಹಾಸಿ, ಎದುರಿಗೇ ಕೂತು ಕೆಲವು ಗಂಟೆ ನೋಡ್ಕೊಳ್ಳಿ. ಟಿಶ್ಯೂ ಒಣಗಿದ್ದರೆ, ನೀರು ಬಿದ್ದ ಭಾಗಗಳೂ ಪೂರ್ತಿ ಒಣಗಿದ ಮೇಲೆ ಮಿಕ್ಕಿದ್ದನ್ನು ಜೋಡಿಸಿ. ಪವರ್ ಸಪ್ಲೈ ಒಳಗೇ ನೀರು ಹೋಗಿದ್ದರೆ ಅದನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.

ಇನ್ನು ಫೋಟೋ ವಿಷಯ. ಜೋಡಿಸಿದ ಕಂಪ್ಯೂಟರನ್ನೇ ಅಂಗಡಿಯಿಂದ ತಂದಿದ್ದರೆ, ಅಥವಾ ಕಾರ್ಖಾನೆಯಲ್ಲೇ ಸೀಲಾಗಿ ಬಂದ ಕೂಲರ್ ಆಗಿದ್ದರೆ, ಈ ಮೇಲಿನದ್ಯಾವುದನ್ನೂ ನೀವು ಮಾಡ್ಬೇಡಿ. 2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯದ ಗ್ರಾಹಕ ಕಾನೂನಿನ ಪ್ರಕಾರ, ಮಾರಿದ ವಸ್ತು ಒಪ್ಪುವಂಥ ಗುಣಮಟ್ಟದಲ್ಲಿರಬೇಕು. ದೋಷ ದೊಡ್ಡದಾಗಿದ್ದರೆ ಹಣ ವಾಪಸೋ ಬೇರೆ ವಸ್ತುವೋ ಅನ್ನುವುದನ್ನು ಆರಿಸುವವರು ನೀವು. ಕಂಪನಿಯ ವಾರಂಟಿ ಮುಗಿಯಿತೆಂದ ಮಾತ್ರಕ್ಕೆ ಈ ಹಕ್ಕು ಮುಗಿಯುವುದಿಲ್ಲ. "ಕಂಪನಿಯವರನ್ನೇ ಕೇಳಿ" ಎಂದು ಅಂಗಡಿಯವರು ಕೈತೊಳೆದುಕೊಳ್ಳುವಂತಿಲ್ಲ. ಸೋರಿದ ನೀರಿನಿಂದ ಗ್ರಾಫಿಕ್ಸ್ ಕಾರ್ಡ್ ಸುಟ್ಟಿದ್ದರೆ ಆ ನಷ್ಟವನ್ನೂ ಕೇಳಬಹುದು. ಆದರೆ ನಾವೇ ಬಿಚ್ಚಿ ಕೆಡಿಸಿದೆವು ಎಂದಾದರೆ ಮಾತು ನಿಲ್ಲುವುದಿಲ್ಲ, ಅದಕ್ಕೇ ಮುಟ್ಟುವ ಮೊದಲು ಫೋಟೋ. ಖಾಸಗಿಯವರಿಂದ ಸೆಕೆಂಡ್‌ಹ್ಯಾಂಡ್ ಕೊಂಡಿದ್ದಕ್ಕೆ ಗುಣಮಟ್ಟದ ಈ ಖಾತರಿ ಇಲ್ಲ. ಕೊಳ್ಳುವಾಗಲೇ ಓಡಿಸಿ ನೋಡಿ.

ನಮ್ಮಲ್ಲಿ ಬಹಳ ಜನ ಇಲ್ಲೇ ಸುಮ್ಮನಾಗುತ್ತಾರೆ. ತಾತ್ಕಾಲಿಕ ವೀಸಾದ ಮೇಲೆ ಬಂದವರು ಅಂಗಡಿಯವರ ಜೊತೆ ಜಗಳ ಯಾಕೆ ಅಂತ ಮೂರು ತಿಂಗಳ ಉಳಿತಾಯವನ್ನು ಬಿಟ್ಟುಬಿಡುತ್ತಾರೆ. ಈ ಕಾನೂನು ವೀಸಾ ಯಾವುದೆಂದು ಕೇಳುವುದಿಲ್ಲ. ಮೊದಲು ಅಂಗಡಿಗೆ ಇಮೇಲ್‌ನಲ್ಲೇ ಬರೆಯಿರಿ, ಬಾಯಿಮಾತು ಬೇಡ. ರಸೀದಿಯನ್ನೂ ಫೋಟೋವನ್ನೂ ಲಗತ್ತಿಸಿ. ಅವರು ಒಪ್ಪದಿದ್ದರೆ ಪರ್ತ್‌ನವರು ಕನ್ಸ್ಯೂಮರ್ ಪ್ರೊಟೆಕ್ಷನ್, ಬ್ರಿಸ್ಬೇನ್‌ನವರು ಆಫೀಸ್ ಆಫ್ ಫೇರ್ ಟ್ರೇಡಿಂಗ್, ಅಡಿಲೇಡ್‌ನವರು ಕನ್ಸ್ಯೂಮರ್ ಅಂಡ್ ಬಿಸಿನೆಸ್ ಸರ್ವೀಸಸ್‌ಗೆ ದೂರು ಕೊಡಬಹುದು. ಇಂಗ್ಲಿಷ್‌ನಲ್ಲಿ ಬರೆಯುವುದು ಕಷ್ಟವಾದರೆ ಬಳಗದಲ್ಲಿ ಯಾರನ್ನಾದರೂ ಕೇಳಿ, ಒಂದು ಸಂಜೆ ಕೂತರೆ ಮುಗಿಯುವ ಕೆಲಸ.